ಚಾಂದನಿ ವೂಲ್ ಸ್ಟೋರಿನ ಶನಿವಾರಗಳು

ಮೂರು ಶನಿವಾರಗಳಿಂದ ಆ ಮನುಷ್ಯ ಎದುರಿನ ಚಹಾ ಅಂಗಡಿಯ ತಾಡಪತ್ರಿಯ ಕೆಳಗೆ ನಿಂತು ಚಾಂದನಿ ವೂಲ್ ಸ್ಟೋರಿನ ಕಡೆಗೇ ನೋಡುತ್ತಿದ್ದ. ಆಗಸ್ಟ್ ತಿಂಗಳ ಮಳೆಗೆ ಅರ್ಧ ಒದ್ದೆಯಾಗಿರುತ್ತಿದ್ದ. ಒಂದು ಕಟಿಂಗ್ ಚಹಾ ಮುಗಿಸಿ ಇನ್ನೊಂದು ಹೇಳುತ್ತಿದ್ದ. ರಸ್ತೆ ದಾಟಲು ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದಕ್ಕೆ ಸರಿಯುತ್ತಿದ್ದ.

ನಿಶಾತಳಿಗೆ ಮೊದಲ ವಾರ ನಗು ಬಂತು, ಎರಡನೆಯ ವಾರ ಸಿಟ್ಟು ಬಂತು, ಮೂರನೆಯ ವಾರ ಸಣ್ಣಗೆ ಭಯವಾಯಿತು. ಅವಳಿಗೆ ಮೂವತ್ತೆರಡು. ಎರಡು ವರ್ಷದ ಸಂಸಾರ ಸಾಕಾಗಿ, ತಾನೇ ಕೇಳಿ ಗಂಡನಿಂದ ಖುಲಾ, ಅಂದರೆ ಬಿಡುಗಡೆ, ಪಡೆದು ತಾಯಿಯ ತಂಗಿ ಅಕ್ಬರಬಿಯ ಮನೆ ಸೇರಿದ್ದಳು. ಅಂಥ ಹೆಂಗಸನ್ನು ದೂರ ನಿಂತು ನೋಡುವ ಗಂಡಸರಿಗೆ ಮುಂಬಯಿಯ ಮುಲುಂಡಿನಲ್ಲಿ ಬರವಿರಲಿಲ್ಲ. ಶಟರ್ ಅರ್ಧ ಇಳಿಸಲೇ ಎಂದು ಅವಳು ಖಾಲಾ ಅಕ್ಬರಬಿಯನ್ನು ಕೇಳಿದಳು.

ಅಂಗಡಿ ಅಕ್ಬರಬಿಯದು. ಮುಲುಂಡ್ ಸ್ಟೇಷನ್ನಿನಿಂದ ಐದು ನಿಮಿಷದ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಉಣ್ಣೆ, ನೂಲು, ಹೆಣಿಗೆಯ ಕಡ್ಡಿ ಸಲಾಯಿ ಮಾರುತ್ತ ಬಂದವಳು. ಅವಳು ಶಟರ್ ಇಳಿಸುವ ಬದಲು ಛತ್ರಿ ಬಿಚ್ಚಿಕೊಂಡು ರಸ್ತೆ ದಾಟಿದಳು. ಏನು ಕೇಳಿದಳೋ, ಅವನು ಏನು ಹೇಳಿದನೋ, ಇಬ್ಬರೂ ಒಂದೇ ಛತ್ರಿಯಲ್ಲಿ ವಾಪಸು ಬಂದರು.

ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪ್ಯಾಂಟಿನ ನೀರು ಹಿಂಡಿ ಅವನು ಒಳಗೆ ಬಂದ. ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೀಟಿ ತೆಗೆದು ನಿಶಾತಳ ಮುಂದೆ ಇಟ್ಟ. ಫಿಸಿಯೋಥೆರಪಿಯ ಡಾಕ್ಟರಮ್ಮ ಬರೆದದ್ದು: ದಿನಕ್ಕೆ ಅರ್ಧ ಗಂಟೆ ಹೆಣಿಗೆ, ಬಲಗೈ.

“ಇಲ್ಲಿ ಬರೀ ಹೆಂಗಸರೇ ಬರ್ತಾರಲ್ಲ,” ಎಂದ ಹಿಂದಿಯಲ್ಲಿ, ನೆಲ ನೋಡುತ್ತ. “ಒಳಗೆ ಹೇಗೆ ಬರೋದು ತಿಳೀಲಿಲ್ಲ.”

ನಿಶಾತ ಅವನ ಬಲಗೈ ನೋಡಿದಳು. ಕೊನೆಯ ಎರಡು ಬೆರಳು ಅರ್ಧ ಮಡಚಿಕೊಂಡು ಹಾಗೇ ನಿಂತಿದ್ದವು. ತನಗೆ ಬಂದ ಸಿಟ್ಟು, ಭಯ ಎರಡೂ ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಅವನ ಹೆಸರು ಯೂನುಸ. ಊರು ವಿಜಯಪುರದ ಕಡೆಯ ಇಂಡಿ, ಈಗ ಇರುವುದು ಹತ್ತಿರದ ಭಾಂಡುಪಿನಲ್ಲಿ, ಮೂವರು ಗೆಳೆಯರ ಜೊತೆ ಒಂದು ಖೋಲಿಯಲ್ಲಿ. ಹನ್ನೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಫೆಬ್ರವರಿಯಲ್ಲಿ ಒಂದು ಬಿಲ್ಡಿಂಗಿನಲ್ಲಿ ಪುಲ್ಲಿಯ ನಡುವೆ ಕೈ ಸಿಕ್ಕಿತು. ಆಪರೇಷನ್ ಆಯಿತು, ಗಾಯ ಮಾಯಿತು, ಆದರೆ ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ಕಂಪನಿಯವರು ಅವನನ್ನು ಅಂಧೇರಿಯ ಆಫೀಸಿನಲ್ಲಿ ಕೂರಿಸಿ ಕಂಪ್ಲೇಂಟು ಬರೆದುಕೊಳ್ಳುವ ಕೆಲಸ ಕೊಟ್ಟಿದ್ದರು.

ಶನಿವಾರ ನಾಲ್ಕರಿಂದ ಆರು ಗಂಟೆಯವರೆಗೆ ಅಂಗಡಿಯ ಹಿಂಭಾಗದಲ್ಲಿ ಹೆಣಿಗೆಯ ಕ್ಲಾಸು ನಡೆಯುತ್ತಿತ್ತು. ಏಳೆಂಟು ಹೆಂಗಸರು, ಮರಾಠಿಯವರು, ಗುಜರಾತಿಯವರು, ಚಾಪೆಯ ಮೇಲೆ ಗುಂಡಗೆ ಕೂರುತ್ತಿದ್ದರು. ಯೂನುಸ ಮೂಲೆಯ ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿಕೊಂಡು ಕುಳಿತ. ಬ್ಯಾಂಕಿನಿಂದ ರಿಟೈರಾದ ರಂಜನಾ ಎಂಬಾಕೆ ಅವನಿಗೆಂದು ಬುಟ್ಟಿಯಿಂದ ದಪ್ಪನೆಯ ಬೂದು ಉಣ್ಣೆ ಆರಿಸಿ ಕೊಟ್ಟರು. ಗಂಡಸರಿಗೆ ಬೂದು ಬಣ್ಣವೇ ಸರಿ ಎಂದರು. ಅವನು ವಿನಯದಿಂದ ತೆಗೆದುಕೊಂಡ, ಆಮೇಲೆ ಮೆಲ್ಲಗೆ ಅದನ್ನು ವಾಪಸು ಬುಟ್ಟಿಗೆ ಹಾಕಿ ಮಾವಿನ ಹಣ್ಣಿನ ಬಣ್ಣದ್ದು ತೆಗೆದುಕೊಂಡ. ನಿಶಾತ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

ಅವಳು ಅವನ ಸಲಾಯಿಯ ಮೇಲೆ ಮೊದಲ ಸಾಲು ಹಾಕಿ ಕೊಡುತ್ತ ಅಭ್ಯಾಸದಂತೆ ಎಣಿಸಿದಳು: ಒಂದು, ಎರಡು, ಮೂರು, ನಾಲ್ಕು. ಅವನು ತಟ್ಟನೆ ತಲೆ ಎತ್ತಿದ.

“ನೀವು ಕನ್ನಡದಾಗ ಎಣಸ್ತೀರಿ.”

“ಖಾಲಾ ಹುಟ್ಟಿದ್ದು ಕನ್ನಡದ ಕಡೆ, ಹಾಗೇ ಕಲಿಸಿದ್ದು,” ಎಂದಳು. “ಎಣಿಸೋಕೆ ಬರ್ತದ. ಬಾಕಿ ಸಮಝ್‌ತದ, ಮಾತಾಡೋಕೆ ಥೋಡಾ ಥೋಡಾ.”

“ಥೋಡಾ ಥೋಡಾ ಸಾಕ್ರಿ,” ಎಂದ ಅವನು. “ನಂಗೂ ಹೆಣಿಕಿ ಅಷ್ಟ ಬರೋದು.”

ಅಲ್ಲಿಂದ ಆ ಗುಂಪಿನಲ್ಲಿ ಅವರಿಬ್ಬರಿಗೆ ಮಾತ್ರ ತಿಳಿಯುವ ಒಂದು ಭಾಷೆ ಆಯಿತು. ಅಕ್ಬರಬಿಗೂ ತಿಳಿಯುತ್ತಿತ್ತು. ಆದರೆ ಅವಳು ಗಲ್ಲಾಪೆಟ್ಟಿಗೆಯ ಹತ್ತಿರ ಕುಳಿತು ಕೇಳದವಳಂತೆ ಇರುತ್ತಿದ್ದಳು.

ಬೇಸಿಗೆಯಿಂದ ಮಳೆಗಾಲದವರೆಗೆ, ಕ್ಲಾಸಿನ ಬುಟ್ಟಿಯದೊಂದು ಬಿಟ್ಟು, ಉಣ್ಣೆಯನ್ನೆಲ್ಲ ಕರ್ಪೂರದ ಪುಡಿಕೆಯ ಜೊತೆ ಅಟ್ಟಕ್ಕೇರಿಸಿ, ಕೆಳಗೆ ಕಾಟನ್ ನೂಲು ಇಡುವುದು ಅಂಗಡಿಯ ಪದ್ಧತಿ. ಸೆಪ್ಟೆಂಬರಿನಲ್ಲಿ ಗಣಪತಿಗೆಂದು ಕ್ರೋಶಾದ ತೋರಣ ಹೆಣೆಯುವವರ ಸಾಲು ಹತ್ತಿತು. ಕೆಂಪು, ಹಳದಿ ನೂಲು ಸಾಕಾಗಲಿಲ್ಲ. ಯೂನುಸನಿಗೆ ಆ ಗದ್ದಲದಲ್ಲಿ ಬರೀ ಎರಡು ಪಾಠ: ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಇಪ್ಪತ್ತನಾಲ್ಕು ಫಂದಾ, ಅಂದರೆ ಇಪ್ಪತ್ತನಾಲ್ಕು ಕುಣಿಕೆ, ಅಗಲದ ಪಟ್ಟಿ. ಎರಡು ಗಂಟೆಯಲ್ಲಿ ಅವನಿಂದ ನಾಲ್ಕು ಸಾಲು ಆಗುತ್ತಿತ್ತು. ಅದರಲ್ಲೂ ನಡುವೆ ಸಲಾಯಿ ಜಾರಿ ಐದಾರು ಫಂದಾ ಬಿಟ್ಟುಹೋಗುತ್ತಿದ್ದವು.

ಆದರೂ ಅವನಿಗೆ ಬೇಸರವಿರಲಿಲ್ಲ. ಕೈ ಕೆಲಸ ಮಾಡುವಾಗ ಬಾಯಿ ಲಿಫ್ಟಿನ ಕಥೆ ಹೇಳುತ್ತಿತ್ತು. ಮುಲುಂಡಿನ ಬಿಲ್ಡಿಂಗುಗಳನ್ನು ಅವನು ಹೆಸರಿನಿಂದಲ್ಲ, ಲಿಫ್ಟಿನ ಸದ್ದಿನಿಂದ ಗುರುತಿಸುತ್ತಿದ್ದ. ಒಂದು ಲಿಫ್ಟು ಮೂರನೆಯ ಮಹಡಿಯಲ್ಲಿ ನಿಟ್ಟುಸಿರು ಬಿಡುತ್ತದಂತೆ, ಇನ್ನೊಂದು ಮುದುಕರನ್ನು ಕಂಡರೆ ನಿಧಾನ ಆಗುತ್ತದಂತೆ. ಮಧ್ಯಾಹ್ನ ಹನ್ನೆರಡಕ್ಕೆ ಲಿಫ್ಟು ಏರಿಳಿಯುವ ಗುಂಡಿಯೊಳಗೆ ನಿಂತರೆ ಪ್ರತಿ ಮಹಡಿಯ ಒಗ್ಗರಣೆ ಬೇರೆ ಬೇರೆ ತಿಳಿಯುತ್ತದೆ, ಏಳನೆಯ ಮಹಡಿಯಲ್ಲಿ ಮೀನು, ಎಂಟರಲ್ಲಿ ಬರೀ ಹಿಂಗು ಎನ್ನುತ್ತಿದ್ದ. ನಿಶಾತ ನಗುತ್ತಿದ್ದಳು. ಎಷ್ಟೋ ದಿನದಿಂದ ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕಿರಲಿಲ್ಲ. ಅವಳು ನಗುವಾಗ ಅವನು ಸಲಾಯಿ ಬಿಟ್ಟು ನೋಡುತ್ತಿದ್ದ, ಇನ್ನೆರಡು ಫಂದಾ ಜಾರುತ್ತಿದ್ದವು.

“ಇದು ನನ್ನ ತಪ್ಪಲ್ರಿ,” ಎನ್ನುತ್ತಿದ್ದ.

ಆರು ಗಂಟೆಗೆ ಎದ್ದು ಪಟ್ಟಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ಒಂದು ಗಳಿಗೆಯಲ್ಲಿ ಮಾತ್ರ ಅವನ ಮುಖ ಬದಲಾಗುತ್ತಿತ್ತು. ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಿದ್ದ. ಖೋಲಿಯ ಗೆಳೆಯರು ನಗುತ್ತಾರೆಂದು ಪಟ್ಟಿಯನ್ನು ಅಂಗಡಿಯಲ್ಲೇ ಕಾಗದದ ಚೀಲದಲ್ಲಿ ಇಟ್ಟು ಹೋಗುತ್ತಿದ್ದ. ಸ್ಟೇಷನ್ನಿನ ಕಡೆಗೆ ನಡೆದುಹೋಗುವ ಆ ಬೆನ್ನು ಮರೆಯಾಗುವವರೆಗೆ ನಿಶಾತ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಗಿರಾಕಿ ಕಡಿಮೆ. ಅಂಥ ಒಂದು ಶುಕ್ರವಾರ ಅವಳು ಚೀಲ ತೆರೆದು, ಜಾರಿದ ಒಂದು ಫಂದಾ ಎತ್ತಿ ಸರಿ ಮಾಡಿದಳು. ಒಂದೇ. ಮರುದಿನ ಅವನು ಪಟ್ಟಿ ನೋಡಿ ಕಳೆದ ವಾರ ಹೆಣೆದದ್ದು ನಾನಂದುಕೊಂಡಷ್ಟು ಕೆಟ್ಟದಾಗಿಲ್ಲವಲ್ಲ ಎಂದ. ಅವನ ಕಣ್ಣು ಬೆಳಗಿದವು. ಅದರ ಮುಂದಿನ ಶುಕ್ರವಾರ ಮೂರು ಸಾಲು ಬಿಚ್ಚಿ ಹೊಸದಾಗಿ ಹೆಣೆದಳು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಅದು ಪ್ರತಿ ವಾರದ ಕೆಲಸವಾಯಿತು.

ಲುಧಿಯಾನದಿಂದ ಚಳಿಗಾಲದ ಹೊಸ ಮಾಲು ಬಂದ ದಿನ ಅಂಗಡಿಯಲ್ಲಿ ಹಬ್ಬ. ಬಂಡಲು ಬಿಚ್ಚಿದ ಕೂಡಲೇ ಉಣ್ಣೆ ಉಬ್ಬಿ ಹೊರಗೆ ಬರುತ್ತಿತ್ತು. ಈ ಸಲ ಒಂದು ಹೊಸ ನೂಲು ಬಂದಿತ್ತು, ಒಂದೇ ಎಳೆಯಲ್ಲಿ ತಿಳಿ ನೀಲಿಯಿಂದ ನೇರಳೆಯವರೆಗೆ ಬಣ್ಣ ತಾನೇ ಬದಲಾಗುತ್ತ ಹೋಗುವಂಥದ್ದು. ಯೂನುಸ ಅದರ ಒಂದು ಲಚ್ಚಿ ಎತ್ತಿ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಿಶಾತಳ ಓಢಣಿಯ ಪಕ್ಕ ಹಿಡಿದ.

“ಸಂಜಿ ಆರೂವರಿಗೆ ಹದಿನಾಲ್ಕನೇ ಮಹಡಿ ಟೆರೇಸಿನಿಂದ ನೋಡಿದ್ರ ಮುಗಿಲು ಇದ ಬಣ್ಣ ಇರ್ತದ,” ಎಂದ. “ನಿಮಗ ತೋರಸ್ಬೇಕು ಒಂದಿನ.”

ಅವಳು ಲಚ್ಚಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಾಯಿತು.

ಅಂದು ಗಿರಾಕಿಗಳು ಹೋದ ಮೇಲೆ ಅಕ್ಬರಬಿ ಮಾವಿನ ಬಣ್ಣದ ಪಟ್ಟಿಯನ್ನು ಚೀಲದಿಂದ ತೆಗೆದು ಕನ್ನಡಕದ ಹತ್ತಿರ ಹಿಡಿದಳು. ಮೂವತ್ತು ವರ್ಷ ಹೆಂಗಸರ ಹೆಣಿಗೆ ನೋಡಿದ ಕಣ್ಣು ಅದು.

“ಬೇಟಿ, ಇದರಾಗ ಅವನ ಕೈ ಎಲ್ಲದ?” ಎಂದು ಕೇಳಿದಳು. “ಇದೆಲ್ಲ ನಿನ್ನ ಕೈ.”

ನಿಶಾತ ಪಟ್ಟಿಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿದಳು. ಅವನ ಸಂತೋಷಕ್ಕೆ ಅಷ್ಟು ಮಾಡಿದರೆ ಯಾರಿಗೇನು ನಷ್ಟ ಎಂದುಕೊಂಡಳು. ಒಳಗೆ ಇನ್ನೊಂದು ಮಾತೂ ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಕೈ ನೆಟ್ಟಗಾದರೆ ಅವನು ಲಿಫ್ಟಿಗೆ ವಾಪಸು ಹೋಗುತ್ತಾನೆ. ಶನಿವಾರ ಇರುವುದಿಲ್ಲ. ನೆಟ್ಟಗಾಗದೆ ಅವನು ಬೇಸತ್ತರೂ ಶನಿವಾರ ಇರುವುದಿಲ್ಲ. ಅವನು ಖುಷಿಯಿಂದ ಬರುತ್ತಿದ್ದರೆ ಸಾಕಾಗಿತ್ತು ಅವಳಿಗೆ.

ಡಿಸೆಂಬರಿನ ಮೊದಲ ಶನಿವಾರ ಅವನು ಪೇಢೆಯ ಡಬ್ಬಿ ಹಿಡಿದು ಬಂದ. ಕಳೆದ ಶನಿವಾರ ಜೊತೆಗೆ ಒಯ್ದಿದ್ದ ಪಟ್ಟಿಯನ್ನು ಮಂಗಳವಾರ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನಿಗೆ ತೋರಿಸಿದ್ದನಂತೆ. ಸಾಲುಗಳು ಇಷ್ಟು ಬಿಗಿಯಾಗಿ ಸಮವಾಗಿ ಬರಬೇಕಾದರೆ ಹಿಡಿತ ಬಂದಿದೆ ಎಂದೇ ಅರ್ಥ ಎಂದು ಅವರು ಹೇಳಿದರಂತೆ. ಏಪ್ರಿಲಿಗೆ ಇದ್ದ ಫಿಟ್‌ನೆಸ್ ಟೆಸ್ಟನ್ನು ಇದೇ ಡಿಸೆಂಬರ್ ಇಪ್ಪತ್ತಕ್ಕೆ ಕೊಡುವಂತೆ ಕಂಪನಿಗೆ ಬರೆದಿದ್ದರು. ಟೆಸ್ಟು ಒಂದೇ ಸಲ. ಪಾಸಾದರೆ ಮತ್ತೆ ಸೈಟಿಗೆ. ಫೇಲಾದರೆ ಜೀವಮಾನಕ್ಕೆ ಲಿಫ್ಟ್ ಮುಟ್ಟುವಂತಿಲ್ಲ.

ಹೆಂಗಸರೆಲ್ಲ ಪೇಢೆ ತಿಂದು ಅವನಿಗೆ ಶುಭ ಹೇಳಿದರು. ರಂಜನಾ ಅವನ ತಲೆಯ ಮೇಲೆ ಕೈಯಿಟ್ಟರು. ನಿಶಾತಳ ಬಾಯಲ್ಲಿ ಪೇಢೆ ಹಾಗೇ ಉಳಿಯಿತು. ಅವನು ಚಹಾದ ಗ್ಲಾಸನ್ನು ಎಡಗೈಯಲ್ಲಿ ಎತ್ತುತ್ತಿದ್ದ, ಎಂದಿನಂತೆ.

ಭಾನುವಾರ, ಸೋಮವಾರ ಅವಳು ಗಿರಾಕಿಗಳಿಗೆ ಕೇಳಿದ ಬಣ್ಣ ಬಿಟ್ಟು ಬೇರೆ ಬಣ್ಣ ಕೊಟ್ಟಳು. ಮಂಗಳವಾರ ಖಾಲಾಗೆ ಹೇಳಿ ಲೋಕಲ್ ಹಿಡಿದು ಘಾಟ್ಕೋಪರ್‌ಗೆ ಬಂದು, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿಗೆ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಹಿಂದಿಯಲ್ಲಿ ಹೇಳುವುದು ಸುಲಭವಿತ್ತು. ಆದರೆ ಇದನ್ನು ಅವನ ಮಾತಿನಲ್ಲೇ ಹೇಳಬೇಕು ಎನ್ನಿಸಿತು.

ಊಟದ ಹೊತ್ತಿಗೆ ಅವನು ಗೇಟಿನ ಹೊರಗೆ ಬಂದ. ಅವಳನ್ನು ಕಂಡ ಕೂಡಲೇ ಮುಖವೆಲ್ಲ ನಗುವಾಯಿತು, ಅದೇ ಅವಳಿಗೆ ಕಷ್ಟವಾಯಿತು.

“ಆ ಪಟ್ಟಿ ನಿಮ್ಮದಲ್ಲ,” ಎಂದಳು. “ನೀವು ಹೋದ ಮೇಲೆ ಶುಕ್ರವಾರ ನಾನು ಬಿಚ್ಚಿ ಮತ್ತೆ ಹೆಣೀತಿದ್ದೆ.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.

“ಎಷ್ಟು ಸಾಲು?”

“ಅರವತ್ತರಾಗ ಪೂರಾ ನಿಮ್ಮದು ಹದಿನೆಂಟು.”

ರಸ್ತೆಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ಯೂನುಸ ತನ್ನ ಬಲಗೈಯನ್ನು ಒಮ್ಮೆ ಮುಚ್ಚಿದ, ಮುಚ್ಚುವಷ್ಟು ಮುಚ್ಚಿದ, ತೆರೆದ.

“ಯಾಕ್ರಿ?”

“ನಿಮ್ಮ ಮುಖ ಸಣ್ಣ ಆಗೋದು ನನಗ ನೋಡೋಕ ಆಗ್ಲಿಲ್ಲ.”

ಅವನು ದನಿ ಎತ್ತದೆಯೇ ಹೇಳಿದ: “ಲಿಫ್ಟಿನ ಗುಂಡಿಯೊಳಗ ಕೈ ಸುಳ್ಳು ಹೇಳಿದ್ರ, ಕೆಳಗ ಮಂದಿ ಇರ್ತಾರ್ರಿ.”

ಅಷ್ಟು ಹೇಳಿ ಒಳಗೆ ಹೋದ. ಊಟದ ಡಬ್ಬಿ ಕೈಯಲ್ಲೇ ಇತ್ತು, ಬಿಚ್ಚಿರಲಿಲ್ಲ.

ಮುಂದಿನ ಶನಿವಾರ ಮೂಲೆಯ ಸ್ಟೂಲು ಖಾಲಿಯಿತ್ತು. ಅದರ ಮುಂದಿನದೂ. ಡಿಸೆಂಬರ್ ಇಪ್ಪತ್ತು ಬಂದು ಹೋಯಿತು. ಫೋನು ಮಾಡಲು ನಿಶಾತಳ ಕೈ ಏಳಲಿಲ್ಲ. ಅಂಗಡಿಯ ಗಾಜಿನೊಳಗೆ ಪ್ರತಿ ವರ್ಷದಂತೆ ಚಳಿಗಾಲದ ಅಲಂಕಾರ ಮಾಡಿದಳು. ಕೂಸುಗಳ ಟೋಪಿ, ಶಿಮ್ಲಾಗೆ ಹನಿಮೂನ್ ಹೊರಟವರಿಗೆ ಜೋಡಿ ಮಫ್ಲರು, ನಡುವೆ ಆ ನೀಲಿ ನೇರಳೆಯ ನೂಲು. ಚಂದವಾಗಿದೆ ಎಂದು ಎಲ್ಲರೂ ಹೇಳಿದರು. ಅವಳು ಹೌದೆಂದಳು.

ತಪ್ಪಿನ ಬಗ್ಗೆ ಅಕ್ಬರಬಿ ಒಂದು ಮಾತೂ ಆಡಲಿಲ್ಲ. ಒಂದು ಸಂಜೆ ಮಾತ್ರ, ಶಟರಿಗೆ ಬೀಗ ಹಾಕುತ್ತ, ಮುಚ್ಚಿಡಬಹುದಾದದ್ದನ್ನು ನೀನೇ ಹೋಗಿ ಹೇಳಿದೆಯಲ್ಲ, ಅಷ್ಟು ಸಾಕು ಎಂದಳು. ನಿಶಾತ ಅವತ್ತು ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಜನವರಿಯ ಎರಡನೆಯ ವಾರ ಮುಂಬಯಿಗೆ ಚಳಿ ಬಂತು. ವರ್ಷಕ್ಕೆ ನಾಲ್ಕು ದಿನ ಬರುವ ಚಳಿ. ಆ ನಾಲ್ಕು ದಿನ ಇಡೀ ಮುಲುಂಡಿಗೆ ಉಣ್ಣೆಯ ನೆನಪಾಗುತ್ತದೆ. ಶನಿವಾರ ಬೆಳಿಗ್ಗೆಯಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸಲು ನಿಶಾತ ಏಣಿ ಹತ್ತುವವಳಿದ್ದಳು. ಯಾರೋ ಗುಂಪನ್ನು ಸರಿಸಿಕೊಂಡು ಬಂದು, ನೀವು ಕೆಳಗೇ ಇರಿ ಎಂದರು. ಯೂನುಸ.

ಅವನು ಎಡಗೈಯಿಂದ ಏಣಿ ಹಿಡಿದು ಹತ್ತಿದ. ಸಂಜೆಯವರೆಗೆ ಡಬ್ಬಿ ಇಳಿಸಿದ, ಬಣ್ಣ ಕೇಳಿದರೆ ಬಣ್ಣ ಕೊಟ್ಟ, ಅಕ್ಬರಬಿಗೆ ಚಹಾ ತರಿಸಿಕೊಟ್ಟ. ನಿಶಾತಳ ಕೈಗೆ ಡಬ್ಬಿ ಕೊಡುವಾಗಲೂ ಮಾತಾಡಲಿಲ್ಲ, ಆದರೆ ಮುಖ ತಿರುಗಿಸಿಕೊಳ್ಳಲೂ ಇಲ್ಲ. ಅವಳಿಗೆ ಅಷ್ಟರಲ್ಲೇ ಉಸಿರಾಡಲು ಬಂತು.

ಗದ್ದಲ ಇಳಿದ ಮೇಲೆ ಮೂಲೆಯ ಸ್ಟೂಲಿನ ಮೇಲೆ ಕುಳಿತು ಎಲ್ಲ ಹೇಳಿದ. ಅಂಧೇರಿಯಿಂದಲೇ ಅಂದು ಡಾಕ್ಟರಮ್ಮನ ಹತ್ತಿರ ಹೋಗಿದ್ದನಂತೆ. ಅವರು ಸ್ಪ್ರಿಂಗಿನ ಯಂತ್ರದಿಂದ ಹಿಡಿತ ಅಳೆದು, ಇನ್ನೂ ಸಾಲದು ಎಂದು ಟೆಸ್ಟನ್ನು ಮತ್ತೆ ಏಪ್ರಿಲಿಗೇ ಹಾಕಿಸಿದರಂತೆ. ಈಗ ಆಫೀಸಿನಲ್ಲಿ ಅವನಿಗೆ ಹೊಸದಾಗಿ ಸೇರಿದ ಮೆಕ್ಯಾನಿಕ್‌ಗಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಬೋರ್ಡಿನ ಮುಂದೆ ನಿಂತು ಮಾತಾಡುವುದು ತನಗೆ ಇಷ್ಟು ಇಷ್ಟವಾಗುತ್ತದೆಂದು ಗೊತ್ತಿರಲಿಲ್ಲ ಎಂದ.

“ಎಂಟು ದಿನ ಭಾಳ ಸಿಟ್ಟಿತ್ತು,” ಎಂದ. “ಆಮ್ಯಾಲ ಸಿಟ್ಟು ಹೋತು. ಬಂದು ತೋರ್ಸಾಕ ಮಾರಿ ಇರ್ಲಿಲ್ಲ. ನಿಮ್ಮ ಮುಂದ ಅಷ್ಟು ಬಿರುಸು ಮಾತಾಡಿ ಹೋಗಿದ್ದೆ.”

ಬಿರುಸು ಮಾತಲ್ಲ, ಸರಿಯಾದ ಮಾತು ಎಂದಳು ನಿಶಾತ. ಮತ್ತೆ ಕಲಿಸುತ್ತೀರಾ ಎಂದು ಅವನು ಕೇಳಿದ. ಆದರೆ ಹೆಣಿಗೆ ಇನ್ನು ಮೇಲೆ ಅಂಗಡಿಯಲ್ಲಿ ಉಳಿಯುವುದಿಲ್ಲ, ಖೋಲಿಗೆ ಒಯ್ಯುತ್ತೇನೆ, ಗೆಳೆಯರು ನಕ್ಕರೆ ನಗಲಿ ಎಂದ. ಅವಳು ಒಪ್ಪಿದಳು. ಆಗ ಇಬ್ಬರೂ ನಕ್ಕರು. ಗಲ್ಲೆಯ ಹಿಂದೆ ಅಕ್ಬರಬಿ ತಲೆ ತಗ್ಗಿಸಿ ಇಲ್ಲದ ಬಿಲ್ಲು ಬರೆಯುತ್ತಿದ್ದಳು.

ಫೆಬ್ರವರಿ ಕೊನೆಗೆ ಉಣ್ಣೆ ಮತ್ತೆ ಅಟ್ಟಕ್ಕೇರಿತು. ಬೇಸಿಗೆಯ ಕಾಟನ್ ಮಾಲು ಭಾಂಡುಪಿನ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಬಂದಿದೆ ಎಂದು ಫೋನು ಬಂತು. ಪ್ರತಿ ವರ್ಷ ಅಕ್ಬರಬಿ ಹೋಗಿ ತರುತ್ತಿದ್ದಳು. ಈ ಸಲ ಅವಳಿಗೆ ಸರಿಯಾಗಿ ಆ ದಿನವೇ ಮೊಣಕಾಲು ನೋಯತೊಡಗಿತು. ನೀನು ಹೋಗು, ಭಾಂಡುಪಿನಲ್ಲೇ ಯೂನುಸ ಇದ್ದಾನಲ್ಲ, ಅವನಿಗೆ ಹೇಳಿದ್ದೇನೆ ಎಂದಳು.

ಗೋಡೌನಿನ ಬಾಗಿಲಲ್ಲಿ ನಾಲ್ಕು ಮೂಟೆ ಇದ್ದವು. ಯೂನುಸ ಒಂದರ ಹೊಲಿಗೆ ಸ್ವಲ್ಪ ಬಿಚ್ಚಿದ. ನಿಶಾತ ಬೆರಳು ತೂರಿಸಿ ನೂಲು ಮುಟ್ಟಿ ನೋಡಿದಳು. ತಂಪಾಗಿ ನುಣುಪಾಗಿತ್ತು. ಬಿದಿರಿನಿಂದ ತೆಗೆದ ಹೊಸ ನೂಲಂತೆ, ಬೆವರಿಗೆ ಒಳ್ಳೆಯದಂತೆ ಎಂದು ಅವಳು ಚೀಟಿ ಓದಿ ಹೇಳುತ್ತಿದ್ದಳು. ಅವನು ಕೇಳುತ್ತಿರಲಿಲ್ಲ.

“ನಿಶಾತ ಅವರ,” ಎಂದ. “ಏಪ್ರಿಲ್‌ದಾಗ ಟೆಸ್ಟ್ ಅದ. ಪಾಸಾದ್ರ ಕೇಳೋಣ ಅಂತ ಮಾಡಿದ್ದೆ. ನಿನ್ನೆ ಅನಿಸ್ತು, ಹಂಗ ಕಾಯೋದು ಸುಳ್ಳ. ಪಾಸಾದ್ರೂ ಇದ ಮನುಷ್ಯಾ, ಫೇಲಾದ್ರೂ ಇದ ಮನುಷ್ಯಾ. ಖಾಲಾನ ಕೇಳೋಕಿಂತ ಮೊದಲ ನಿಮ್ಮನ್ನ ಕೇಳ್ಲಿಕತ್ತೀನಿ. ನನ್ನ ಮದುವಿ ಆಗ್ತೀರೇನು?”

ನಿಶಾತ ನೂಲಿನಿಂದ ಕೈ ತೆಗೆಯಲಿಲ್ಲ. ಮೊದಲ ಮದುವೆಗೆ ಅಬ್ಬಾನನ್ನು ಕೇಳಿದ್ದರು, ಮಾಮುವನ್ನು ಕೇಳಿದ್ದರು, ಫೋಟೋ ತರಿಸಿಕೊಂಡಿದ್ದರು. ಅವಳವರೆಗೆ ಪ್ರಶ್ನೆ ಬಂದಾಗ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ, ತಾರೀಕಾಗಿತ್ತು. ಅದನ್ನೆಲ್ಲ ಅವನಿಗೆ ಹೇಳಿದಳು. ತನಗೆ ಮತ್ತೆ ಮನೆ ಕಟ್ಟುವ ಭಯವಿದೆ ಎಂದೂ ಹೇಳಿದಳು, ಅಂಗಡಿ ಬಿಡುವುದಿಲ್ಲ ಎಂದೂ ಹೇಳಿದಳು. ಅಂಗಡಿ ಬಿಟ್ಟರೆ ನಾನೆಲ್ಲಿ ಕಲಿಯಲಿ ಎಂದ ಅವನು. ಭಯ ಅವನಿಗೂ ಇತ್ತಂತೆ, ಬೆಳಗಿನಿಂದ ನೀರು ಸಹ ಇಳಿದಿಲ್ಲವಂತೆ.

ಅವಳು ಅವನ ಮುಖ ನೋಡಿದಳು. ನಿಜವಾಗಿಯೂ ಬೆವರಿದ್ದ.

“ಆಗ್ತೀನಿ,” ಎಂದಳು. “ಖಾಲಾಗ ನಾನೇ ಹೇಳ್ತೀನಿ. ಕೇಳೋದು ನಿಮ್ಮ ಕೆಲಸ ಇತ್ತು, ಮುಗೀತು. ಹೇಳೋದು ನನ್ನ ಕೆಲಸ.”

ಯೂನುಸ ಮೂಟೆಯ ಹೊಲಿಗೆಯನ್ನು ಮತ್ತೆ ಕಟ್ಟಲು ಹೋಗಿ ಎರಡು ಸಲ ತಪ್ಪಿದ. ಅವಳು ಸಹಾಯ ಮಾಡದೆ ಕೈಕಟ್ಟಿ ನಿಂತು, ಅವನು ಮೂರನೆಯ ಸಲ ಗಂಟು ಹಾಕುವವರೆಗೆ ಕಾದಳು.

ಮೂರು ಮೂಟೆ ಟೆಂಪೋದಲ್ಲಿ ಹೋದವು. ನಾಲ್ಕನೆಯದಕ್ಕೆ ಜಾಗವಾಗಲಿಲ್ಲ. ಅದನ್ನು ರಿಕ್ಷಾದಲ್ಲಿ ಹಾಕಿಕೊಂಡು ಇಬ್ಬರೂ ಅದರ ಪಕ್ಕದಲ್ಲಿ ಒತ್ತಿಕೊಂಡು ಕುಳಿತರು. ರಿಕ್ಷಾದವನು ಮೀಟರು ತಿರುಗಿಸಿ, ಹೈವೇ ಮೇಲಿಂದ ಹೋದರೆ ಬೇಗ ಮುಟ್ಟುತ್ತೀರಿ, ಎಲ್‌ಬಿಎಸ್ ರೋಡಿನಲ್ಲಿ ಈ ಹೊತ್ತಿಗೆ ಟ್ರಾಫಿಕ್ ಬಹಳ, ಯಾವ ಕಡೆ ಹೋಗಲಿ ಎಂದು ಕೇಳಿದ.

ಯೂನುಸ ನಿಶಾತಳ ಕಡೆ ನೋಡಿದ.

“ಎಲ್‌ಬಿಎಸ್ ಮೇಲಿಂದಲೇ ಹೋಗಿ, ಭೈಯಾ,” ಎಂದಳು ನಿಶಾತ.